ವಿಷದ ಹಾವು–ವಿಷರಹಿತ ಹಾವು: ದಕ್ಷಿಣ ಬೆಂಗಳೂರು

ತುರಹಳ್ಳಿ ಕಾಡು, ಸಾರಕ್ಕಿ, ಪುಟ್ಟೇನಹಳ್ಳಿ ಕೆರೆಗಳ ಅಂಚಿನ ಬಡಾವಣೆಗಳಲ್ಲಿ ಮನೆಯಂಗಳಕ್ಕೂ ಹಾವು ಬರುತ್ತದೆ. ಎಲ್ಲ ಹಾವುಗಳಿಗೂ ಒಪ್ಪುವ ಒಂದೇ ಗುರುತಿಲ್ಲ, ಜಾತಿಯನ್ನೇ ಗುರುತಿಸಬೇಕು.

ನಾಗರಹಾವು–ಕೇರೆ: ನಾಗರ ಹೆಡೆ ಬಿಚ್ಚುತ್ತದೆ. ಕೇರೆಗೆ ಹೆಡೆಯಿಲ್ಲ, ಕಣ್ಣು ದೊಡ್ಡದು, ತುಟಿಯಂಚಿನಲ್ಲಿ ಕಪ್ಪು ಗೆರೆಗಳಿರುತ್ತವೆ. ಹೆಡೆ ಬಿಚ್ಚದ ನಾಗರವನ್ನು ಕೇರೆಯೆಂದು ತಿಳಿಯುವ ಅಪಾಯವುಂಟು.

ಕಟ್ಟುಹಾವು–ತೋಳಹಾವು: ಕಟ್ಟುಹಾವಿನ ಬಿಳಿ ಪಟ್ಟೆಗಳು ಸಾಮಾನ್ಯವಾಗಿ ಜೋಡಿಯಾಗಿದ್ದು ಬಾಲದತ್ತ ಸ್ಪಷ್ಟ, ಬೆನ್ನ ನಡುವೆ ಷಟ್ಕೋನದ ದೊಡ್ಡ ಹುರುಪೆಗಳ ಸಾಲಿದೆ. ವಿಷವಿಲ್ಲದ ತೋಳಹಾವಿನ ಪಟ್ಟೆಗಳು ಕತ್ತಿನ ಬಳಿ ಸ್ಪಷ್ಟವಾಗಿದ್ದು ಬಾಲದತ್ತ ಮಾಸುತ್ತವೆ. ಅದು ಗೋಡೆಯನ್ನೂ ಏರಬಲ್ಲದು.

ಕೊಳಕುಮಂಡಲ–ಮಣ್ಣುಮುಕ್ಕ: ಕೊಳಕುಮಂಡಲದ ತಲೆ ತ್ರಿಕೋನಾಕಾರ, ಬೆನ್ನಲ್ಲಿ ಸರಪಳಿಯಂಥ ಮೂರು ಸಾಲು ಮಚ್ಚೆ, ಬುಸುಗುಟ್ಟುವಿಕೆ ಜೋರು. ಮಣ್ಣುಮುಕ್ಕದ ಬಾಲ ಮೊಂಡು.

ಚಿಕಿತ್ಸೆ: ಕಚ್ಚಿದ ಹಾವನ್ನು ಹಿಡಿಯುವ, ಕೊಲ್ಲುವ ಅಗತ್ಯವಿಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಒಂದೇ ಪ್ರತಿವಿಷವಿದೆ. ಕಟ್ಟುಹಾವಿನ ಕಡಿತ ನೋಯದೆಯೂ ಇರಬಹುದು. ಅನುಮಾನವಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು.