ಬಾಗಿಲು ತೆಗೆಯದೆ ಬಿಸಿ ನೋಡೋದು

ಬೆಂಗಳೂರಿನ ಅಪಾರ್ಟ್‌ಮೆಂಟ್ ಟೆರೇಸುಗಳಲ್ಲಿ ಬಾರ್ಬೆಕ್ಯೂ ಹಚ್ಚೋರ ಕೈಲಿ ಈಗ ಇಕ್ಕಳದ ಜೊತೆಗೆ ಫೋನೂ ಇರುತ್ತೆ. ಕೋಳಿ ತೊಡೆಗೆ ಚುಚ್ಚಿದ ಸ್ಟೀಲ್ ಕಡ್ಡಿಯೊಂದು ಒಳಗಿನ ಬಿಸಿ ಎಷ್ಟು ಅಂತ ವೈರ್ ಇಲ್ಲದೆ ಹೇಳ್ತಾ ಇರುತ್ತೆ. 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಬೀಪ್. ಇದರ ಲಾಭ ಏನಪ್ಪಾ ಅಂದರೆ ಪದೇಪದೇ ಮುಚ್ಚಳ ತೆಗೀಬೇಕಾಗಿಲ್ಲ. ತೆಗೆದರೆ ಕಾವು ಆಚೆ ಹೋಗುತ್ತೆ, ಗಾಳಿ ನುಗ್ಗಿ ಇದ್ದಿಲು ಭುಗ್ ಅನ್ನುತ್ತೆ. ಬಿಸಿ ಎಷ್ಟಿದೆ ಅಂತ ನೋಡೋಕೆ ಹೋಗಿ ಬಿಸಿಯನ್ನೇ ಕೆಡಿಸಿದಂಗಾಯ್ತು.

ನಮ್ಮ ಟಿ. ನರಸೀಪುರ, ನಂಜನಗೂಡು ಕಡೆಯವರಿಗೆ ಈ ತಾಪತ್ರಯ ಹಳೇದು. ಅಲ್ಲಿ ಮುಚ್ಚಳದ ಬದಲು ಬಾಗಿಲು, ಕೋಳಿಯ ಬದಲು ರೇಷ್ಮೆ ಹುಳು. ಇದ್ದಿಲು ಮಾತ್ರ ಅದೇ. ಚಳಿಗಾಲದಲ್ಲಿ ಚಾಕಿ ಹುಳು, ಅಂದರೆ ಎಳೇ ಮರಿಗಳು, ಇರೋ ಕೋಣೆಯಲ್ಲಿ ಅಗ್ಗಿಷ್ಟಿಕೆಗೆ ಕೆಂಡ ತುಂಬಿ ಇಡ್ತಿದ್ದರು. ಬಾಗಿಲು ತೆರೆದರೆ ಬಿಸಿ ಹೋಗುತ್ತೆ, ತೇವ ಹೋಗುತ್ತೆ. 1980ರಿಂದ ಈಚೆಗೆ ಇನ್ನೊಂದು ಕಾರಣವೂ ಸೇರಿಕೊಂಡಿತು. ಆ ವರ್ಷ ಬಂಗಾಳದಿಂದ ಬಂದ ಗೂಡಿನ ಜೊತೆ ಊಜಿ ನೊಣ ಕರ್ನಾಟಕಕ್ಕೆ ಕಾಲಿಟ್ಟಿತು. ಅದು ಹುಳುವಿನ ಮೈಮೇಲೆ ಮೊಟ್ಟೆ ಇಟ್ಟರೆ ಆ ಹುಳು ಮುಗೀತು. ಅಲ್ಲಿಂದ ರೇಷ್ಮೆ ಮನೆಗಳ ಕಿಟಕಿ ಬಾಗಿಲಿಗೆಲ್ಲ ನೈಲಾನ್ ಪರದೆ ಬಂತು.

ಹುಳುವಿಗೆ ಬೇಕಾದ ಲೆಕ್ಕ ಹೀಗಿದೆ. ಮೊಟ್ಟೆ ಒಡೆದ ಮರಿಗೆ 27-28 ಡಿಗ್ರಿ, ತೇವಾಂಶ 85ರಿಂದ 90. ಬೆಳೀತಾ ಬೆಳೀತಾ ಎರಡೂ ಇಳೀಬೇಕು. ಕೊನೆಯ ಹಂತಕ್ಕೆ 24 ಡಿಗ್ರಿ, ತೇವಾಂಶ 70. ಹುಳು ಒಟ್ಟು ನಾಲ್ಕು ಸಲ ಪೊರೆ ಬಿಡುತ್ತೆ. ಬಿಡೋ ಮುಂಚೆ ಸೊಪ್ಪು ಮುಟ್ಟದೆ ತಲೆ ಎತ್ತಿಕೊಂಡು ಕೂತುಬಿಡುತ್ತೆ. ನಮ್ಮೂರಲ್ಲಿ ಅದಕ್ಕೆ 'ಜ್ವರ' ಅಂತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರದಲ್ಲಿ ಅದು ತಿನ್ನೋ ಸೊಪ್ಪು, ಇಡೀ ಜೀವನದಲ್ಲಿ ತಿನ್ನೋದರ ಶೇಕಡಾ 80ಕ್ಕೂ ಮೇಲೆ. ಅಂದರೆ ರೈತನ ದುಡ್ಡು, ದುಡಿಮೆ ಎಲ್ಲಾ ಸುರಿದು ಆದ ಮೇಲೇ ಹುಳು ಅತಿ ಹೆಚ್ಚು ತಂಪು ಕೇಳೋದು. ಏಪ್ರಿಲ್‌ನಲ್ಲಿ, ಕಪಿಲಾ ದಂಡೆಯ ಊರಲ್ಲಿ, 24 ಡಿಗ್ರಿ ಎಲ್ಲಿಂದ ತರೋದು? ಗೂಡು ಕಟ್ಟೋಕೆ ಇನ್ನೆರಡು ದಿನ ಇದೆ ಅನ್ನುವಾಗ ಸಪ್ಪೆ ರೋಗ ಬಿದ್ದು ತಟ್ಟೆಗಟ್ಟಲೆ ಹುಳುವನ್ನ ಗುಂಡಿಗೆ ಸುರಿದವರನ್ನ ನೋಡಿದ್ದೀನಿ.

ಹಂಗಾದರೆ ಥರ್ಮಾಮೀಟರ್ ಇಲ್ಲದ ಕಾಲದಲ್ಲಿ ಹೆಂಗೆ ನಡೀತಿತ್ತು? ಮೈಯೇ ಥರ್ಮಾಮೀಟರ್. ಇಟಲಿ, ಫ್ರಾನ್ಸ್‌ಗಳ ಹಳ್ಳಿ ಹೆಂಗಸರು ಮೊಟ್ಟೆಯನ್ನ ಬಟ್ಟೆಯಲ್ಲಿ ಕಟ್ಟಿ ಎದೆಗವಚಿಕೊಂಡು ಕಾವು ಕೊಡ್ತಿದ್ದರು. ಅಲ್ಲಿ ಗಾಜಿನ ನಳಿಗೆಯನ್ನ ಹುಳುವಿನ ಮನೆಯೊಳಗೆ ಹಟ ಹಿಡಿದು ತಂದವನು ವಿಂಚೆಂಜೊ ದಾಂದೊಲೊ ಅನ್ನೋ ವೆನಿಸ್‌ನ ರಸಾಯನ ವಿಜ್ಞಾನಿ. 1815ರಲ್ಲಿ ಅವನ ಪುಸ್ತಕ ಬಂತು: ಒಲೆ ಇರಬೇಕು, ಗಾಳಿಕಿಂಡಿ ಇರಬೇಕು, ಗೋಡೆಗೆ ಥರ್ಮಾಮೀಟರ್ ಇರಬೇಕು. ಜಪಾನಿನ ಕತೆ ನನಗೆ ಇನ್ನೂ ಇಷ್ಟ. ಈಗಿನ ಫುಕುಶಿಮಾ ಪ್ರಾಂತ್ಯದ ನಕಮುರ ಜೆನ್‌ಎಮೊನ್ ಅನ್ನೋ ರೇಷ್ಮೆ ಕೃಷಿಕನಿಗೆ ಒಮ್ಮೆ ಕಾಯಿಲೆಯಾದಾಗ, ಡಚ್ ವೈದ್ಯ ಕಲಿತ ಡಾಕ್ಟರೊಬ್ಬರು ಥರ್ಮಾಮೀಟರ್ ಇಟ್ಟು ನೋಡಿದರಂತೆ. ಇದನ್ನ ಹುಳುವಿಗೂ ಮಾಡಬಹುದಲ್ಲ ಅಂತ ಅವನು ತಾನೇ ಒಂದು ತಯಾರಿಸಿ, 1849ರಲ್ಲಿ ಬಳಸೋ ಕ್ರಮವನ್ನೂ ಅಚ್ಚು ಹಾಕಿಸಿದ. ಮನುಷ್ಯನ ಜ್ವರದಿಂದ ಹುಳುವಿನ ಜ್ವರಕ್ಕೆ!

ನಮ್ಮಲ್ಲಿ ಯಾಕೆ ಇದು ತಡವಾಯ್ತು ಅಂತ ಕೇಳಿದರೆ 'ನಮ್ಮ ಜನಕ್ಕೆ ಗೊತ್ತಿರಲಿಲ್ಲ' ಅನ್ನೋ ಉತ್ತರ ರೆಡಿ ಇರುತ್ತೆ. ನಾನು ಅದನ್ನ ಒಪ್ಪಲ್ಲ. ನಮ್ಮ ಹುಳುವಿಗೆ ಅಷ್ಟು ಬೇಕಿರಲಿಲ್ಲ. 1780ರ ದಶಕದಲ್ಲಿ ಟಿಪ್ಪು ಬಂಗಾಳಕ್ಕೆ ಜನ ಕಳಿಸಿ ಹುಳು ತರಿಸಿದ ಮೇಲೆ ಇಲ್ಲಿ ನೆಲೆಯೂರಿದ್ದು 'ಶುದ್ಧ ಮೈಸೂರು' ತಳಿ. ವರ್ಷಕ್ಕೆ ಹಲವು ಬೆಳೆ, ಹಸಿರು-ಹಳದಿ ಗೂಡು. ಸೋಗೆ ಮನೆಯಲ್ಲಿ, ಅಡುಗೆ ಹೊಗೆಯ ಪಕ್ಕದಲ್ಲೇ ತಲೆತಲಾಂತರ ಬದುಕಿ ನಮ್ಮ ಬಿಸಿಲಿಗೆ ಒಗ್ಗಿಹೋದ ಹುಳು. ಆದರೆ ಅದರ ಗೂಡಲ್ಲಿ ಸಿಗೋ ನೂಲು ಸುಮಾರು 400 ಮೀಟರ್. ಜಪಾನ್ ಕಡೆಯ ದ್ವಿತಳಿ ಹುಳುವಿನದು 1000 ಮೀಟರ್ ಆಸುಪಾಸು.

ಆ ನೂಲಿನ ಆಸೆ ಹಳೇದು. ಜಮ್ಶೇಟ್‌ಜಿ ಟಾಟಾ 1890ರ ದಶಕದ ಕೊನೆಯಲ್ಲಿ ಜಪಾನಿಗಳ ನೆರವಿಂದ ಬೆಂಗಳೂರಲ್ಲಿ ರೇಷ್ಮೆ ಫಾರ್ಮ್ ಮಾಡಿದರು (ಬಸವನಗುಡಿ ಹತ್ತಿರ ಟಾಟಾ ಸಿಲ್ಕ್ ಫಾರ್ಮ್ ಅಂತ ಈಗಲೂ ಹೇಳ್ತೀವಲ್ಲ, ಅದೇ). 1910ರ ದಶಕದಲ್ಲಿ ಮೈಸೂರು ಸರ್ಕಾರ ಇಟಲಿಯಿಂದ ವಾಷಿಂಗ್ಟನ್ ಮಾರಿ ಅನ್ನೋ ತಜ್ಞರನ್ನ ಕರೆಸಿತು. ಆಮೇಲೆ ಮಿಶ್ರತಳಿ ಬಂತು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ 1991ರಿಂದ ಜಪಾನಿನ ಜೈಕಾ ಜೊತೆ ಕೆಲಸ ಮಾಡಿತು. ಸಿಎಸ್‌ಆರ್2, ಸಿಎಸ್‌ಆರ್4 ಸಂಕರ ತಳಿ 1997ರಲ್ಲಿ ಬಂತು. ಟಿ. ನರಸೀಪುರದ ಸರ್ಕಾರಿ ಫಿಲೇಚರ್‌ನಲ್ಲಿ ಬಿಚ್ಚಿದ ನೂಲು 1912ರಲ್ಲಿ ಶುರುವಾದ ಮೈಸೂರಿನ ನೇಯ್ಗೆ ಕಾರ್ಖಾನೆಗೆ ಹೋಗಿ ಸೀರೆ ಆಗುತ್ತಲ್ಲ, ಅದಕ್ಕೂ ಬೇಕಾದ್ದು ಇಂಥದ್ದೇ ಉದ್ದನೂಲು.

ದ್ವಿತಳಿ ಮೊಟ್ಟೆ ಜೊತೆಗೇ ಶಿಸ್ತೂ ಮನೆಗೆ ಬಂತು. ಮನೆಯಿಂದ ಬೇರೆ ರೇಷ್ಮೆ ಮನೆ, ಬ್ಲೀಚಿಂಗ್ ಪುಡಿ, ಗೋಡೆಗೆ ಒಣ-ಒದ್ದೆ ಥರ್ಮಾಮೀಟರ್. ಎರಡು ನಳಿಗೆ, ಒಂದರ ಬುಡಕ್ಕೆ ನೀರಲ್ಲಿ ಅದ್ದಿದ ಬತ್ತಿ. ಎರಡರ ಅಂತರ ನೋಡಿ ಪಟ್ಟಿಯಲ್ಲಿ ತೇವಾಂಶ ಓದೋದು. ಎಂಜಿನಿಯರ್ ಬುದ್ಧಿಗೆ ಇದರ ತಮಾಷೆ ಹೊಳೆಯೋದು ಬತ್ತಿ ಒಣಗಿದಾಗ: ಎರಡೂ ನಳಿಗೆ ಒಂದೇ ಅಂಕಿ ತೋರಿಸ್ತವೆ, ಪಟ್ಟಿಯ ಪ್ರಕಾರ ತೇವಾಂಶ ನೂರಕ್ಕೆ ನೂರು! ಸೆನ್ಸರ್ ಸತ್ತಾಗ ಎಲ್ಲಾ ಚೆನ್ನಾಗಿದೆ ಅನ್ನೋ ಡ್ಯಾಶ್‌ಬೋರ್ಡ್ ನಮ್ಮ ಆಫೀಸಿನಲ್ಲಷ್ಟೇ ಹುಟ್ಟಿದ್ದಲ್ಲ.

ಈಗ ವೈರ್ ಇಲ್ಲದ ಸೆನ್ಸರ್ ಕಾಲ. ನಮ್ಮ ರೇಷ್ಮೆ ಮನೆಗೂ ಒಂದು ಹಾಕಿದ್ದೀನಿ, ಬೆಲೆ ಟೆರೇಸಿನ ಕೋಳಿ ಕಡ್ಡಿಗಿಂತ ಕಮ್ಮಿ. ಬಾಗಿಲು ತೆಗೀದೆ ಬಿಸಿ ಗೊತ್ತಾಗುತ್ತೆ, ಊಜಿಗೂ ದಾರಿ ಇಲ್ಲ. ಏಪ್ರಿಲ್‌ನ ಒಂದು ಮಧ್ಯಾಹ್ನ ಮೀಟಿಂಗ್ ನಡುವೆ ಫೋನು 33 ಅಂತ ಕೂಗಿತು. ಅವ್ವನಿಗೆ ಫೋನ್ ಮಾಡಿದೆ.

"ಗೋಣಿತಾಟು ಆಗ್ಲೇ ನೆನ್ಸಿ ಕಿಟ್ಕಿಗ್ ಕಟ್ಟಿವ್ನಿ ಕಣಪ್ಪ. ಕೈ ಒದ್ದೆ ಅದೆ, ಫೋನ್ ಮಡುಗು."

ಗೋಡೆಯ ನಳಿಗೆ ನೋಡಿದ್ಯಾ ಅಂತ ಕೇಳೋಕೆ ಮುಂಚೆ ಕಾಲ್ ಕಟ್ ಆಯ್ತು. ಸ್ವಲ್ಪ ಹೊತ್ತಿಗೆ ಊರಲ್ಲಿ ಕರೆಂಟ್ ಹೋಗಿರಬೇಕು, ರೂಟರ್ ಆಫ್ ಆಗಿ ಆ್ಯಪ್‌ನಲ್ಲಿ ಗೆರೆ ನಿಂತುಹೋಯ್ತು. ಸಂಜೆ ಮತ್ತೆ ಬಂದಾಗ ಅಂಕಿ 28ಕ್ಕೆ ಇಳಿದಿತ್ತು. ಮಧ್ಯದ ಮೂರು ಗಂಟೆಯ ಡೇಟಾ ಅವ್ವನ ಹತ್ರ ಮಾತ್ರ ಇದೆ.