ಗುಟ್ಟು ಮಾತಾದ ಬಗೆ

ಗುರುವು ಶಿಷ್ಯನ ಕಿವಿಯಲ್ಲಿ ಮಾತ್ರ ಹೇಳತಕ್ಕ ವಿಷಯವನ್ನು ಗ್ರಂಥದಲ್ಲಿ ಬರೆದರೆ ಏನಾದೀತು? ಬರೆದ ಮೇಲೆ ಅದು ಗುಟ್ಟಾಗಿ ಉಳಿಯದು. ಬರೆಯದಿದ್ದರೆ ಹೇಳುವವನೊಡನೆ ಮಣ್ಣಾದೀತು. ಈ ಇಕ್ಕಟ್ಟು ಬಹಳ ಹಳೆಯದು. ನಮ್ಮ ನಾಡಿನ ಅನುಭಾವಿಗಳು ಇದಕ್ಕೆ ಕಂಡುಕೊಂಡ ದಾರಿ ಮಾತ್ರ ಸರಳವಾದುದು: ಕಥೆಯೊಂದನ್ನು ಹೂಡಿ, ಇಬ್ಬರನ್ನು ಎದುರು ಬದುರು ಕೂರಿಸಿ, ಅವರ ಮಾತಿನಲ್ಲಿಯೇ ಗುಟ್ಟನ್ನು ಇಡುವುದು.

ನಾನು ಹಲಸೂರಿನವನು. 1809ರಲ್ಲಿ ಇಂಗ್ಲಿಷರ ದಂಡು ಬಂದು ನೆಲೆಸಿದ ಈ ಕಡೆಯವರಲ್ಲಿ ಗೂಢವಿದ್ಯೆಯೆಂದರೆ ಇಂಗ್ಲಿಷ್ ಪುಸ್ತಕಗಳನ್ನೇ ನೆನೆಯುವವರನ್ನು ಬಹಳ ಕಂಡಿದ್ದೇನೆ. ಮೇಡಂ ಬ್ಲಾವಟ್‌ಸ್ಕಿಯವರು 1889ರಲ್ಲಿ ಪ್ರಕಟಿಸಿದ ‘ದಿ ಕೀ ಟು ಥಿಯಾಸಫಿ’ ಅಂಥದೊಂದು. ಅದೂ ಪ್ರಶ್ನೋತ್ತರ ರೂಪದಲ್ಲಿಯೇ ಇದೆ. ಜಿಜ್ಞಾಸುವೊಬ್ಬ ಕೇಳುತ್ತಾನೆ, ಥಿಯಾಸಫಿಸ್ಟನು ಉತ್ತರಿಸುತ್ತಾನೆ. ಆದರೆ ಕೇಳುವವನಿಗೆ ಹೆಸರಿಲ್ಲ, ಊರಿಲ್ಲ, ನೋವಿಲ್ಲ. ಉತ್ತರವೆಂಬ ಅಂಗಿಯನ್ನು ತೂಗುಹಾಕಲು ಗೋಡೆಗೆ ಹೊಡೆದ ಗೂಟ ಅವನು. ವಿಷಯವನ್ನು ಒಪ್ಪವಾಗಿ ವಿವರಿಸಲು ಈ ಕ್ರಮ ಸಾಕು. ಆದರೆ ಸಂವಾದಕ್ಕೆ ಇದಕ್ಕಿಂತ ಹೆಚ್ಚಿನ ಶಕ್ತಿಯುಂಟೆಂಬುದಕ್ಕೆ ಕನ್ನಡದಲ್ಲಿಯೇ ಸಾಕ್ಷಿಯಿದೆ, ಅದು ‘ಶೂನ್ಯಸಂಪಾದನೆ’.

ಹನ್ನೆರಡನೆಯ ಶತಮಾನದ ಶರಣರ ವಚನಗಳು ಬಿಡಿಬಿಡಿಯಾಗಿದ್ದುವು. ಅಲ್ಲಮಪ್ರಭುವಿನ ಬೆಡಗಿನ ವಚನಗಳಂತೂ ಒಗಟಿನಂತಿದ್ದು, ಟೀಕೆಯಿಲ್ಲದೆ ಬಿಡಿಸಲಾಗದಂಥವು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಇಂಥ ಸುಮಾರು 1,000 ವಚನಗಳನ್ನು ಆಯ್ದು, ನಡುನಡುವೆ ತನ್ನ ಗದ್ಯವನ್ನು ಹೊಂದಿಸಿ, ಎಲ್ಲವನ್ನೂ ಶರಣರ ಸಂಭಾಷಣೆಯಾಗಿ ಕೋದನು. ಮುಂದೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣ, ಈ ಮೂವರು ಅದನ್ನು ಮತ್ತೆ ಮತ್ತೆ ಪರಿಷ್ಕರಿಸಿದರು. ಫ. ಗು. ಹಳಕಟ್ಟಿಯವರು 1930ರಲ್ಲಿ ಅಚ್ಚು ಹಾಕಿಸಿದ್ದು ಗೂಳೂರಿನವನ ಪಾಠವನ್ನು.

ಈ ಸಂಪಾದಕರು ತಮ್ಮದೆಂದು ಹೊಸ ವಚನಗಳನ್ನು ಕಟ್ಟುವುದಕ್ಕಿಂತ ದೊಡ್ಡದೊಂದು ಕೆಲಸವನ್ನು ಮಾಡಿದರೆಂದು ನನ್ನ ಎಣಿಕೆ. ಒಂದೊಂದು ವಚನಕ್ಕೂ ಅವರು ಒಬ್ಬ ಕೇಳುಗನನ್ನು ಕೊಟ್ಟರು. ಯಾರಿಗೆ, ಯಾವ ಹೊತ್ತಿನಲ್ಲಿ, ಯಾವ ಸಂಕಟಕ್ಕೆ ಈ ಮಾತು ಎಂಬುದು ತಿಳಿದೊಡನೆ ಒಗಟು ಅರ್ಧ ಬಿಡಿಸಿದಂತೆಯೇ.

ಮುಕ್ತಾಯಕ್ಕನ ಪ್ರಸಂಗವನ್ನು ನೋಡಿ. ಆಕೆಯ ಅಣ್ಣ ಅಜಗಣ್ಣ ಗುಪ್ತಭಕ್ತ. ತನ್ನ ಭಕ್ತಿಯನ್ನು ಲೋಕಕ್ಕೆ ತೋರಗೊಡದೆ ಬಾಳಿ ತೀರಿಕೊಂಡವನು. ಆಕೆಗೆ ಗುರುವೂ ಅವನೇ. ಅಳುತ್ತ ಕುಳಿತ ತಂಗಿಯ ಬಳಿಗೆ ಅಲ್ಲಮ ಬಂದು, ಅರಿತವನಿಗೆ ಸಾವೆಲ್ಲಿ, ಅಳುವೇಕೆ ಎಂದು ಕೇಳುತ್ತಾನೆ. ಆಕೆ ತಲೆಬಾಗಿ ಒಪ್ಪಿಕೊಳ್ಳುವುದಿಲ್ಲ. ನಿಜವನ್ನು ಅರಿತವನಾದರೆ ನಿನಗಿನ್ನೂ ಮಾತೇಕೆ ಉಳಿದಿದೆ ಎಂದು ತಿರುಗಿ ಕೇಳುತ್ತಾಳೆ. ಮಾತಿಗೆ ನಿಲುಕದ್ದನ್ನು ಮಾತಿನಲ್ಲಿ ಹೇಳಹೊರಟವರೆಲ್ಲರೂ ಉತ್ತರ ಕೊಡಬೇಕಾದ ಪ್ರಶ್ನೆಯಿದು. ಶಾಸ್ತ್ರಗ್ರಂಥದಲ್ಲಿ ಇದು ಒಂದು ಪೂರ್ವಪಕ್ಷವಾಗುತ್ತಿತ್ತು. ಇಲ್ಲಿ ಅಣ್ಣನನ್ನು ಕಳೆದುಕೊಂಡ ಹೆಣ್ಣೊಬ್ಬಳು ಕೇಳುತ್ತಿದ್ದಾಳೆ. ಅಲ್ಲಮನು ಅದನ್ನು ಎತ್ತಿ ಬದಿಗಿಡುವಂತಿಲ್ಲ.

ಗೋರಕ್ಷನ ಕಥೆಯೂ ಹಾಗೆಯೇ. ನಾಥಪಂಥದ ಕಾಯಸಿದ್ಧಿಯನ್ನು ಖಂಡಿಸಲು ಪಂಡಿತನಾದರೆ ಪುಟಗಟ್ಟಲೆ ಬರೆದಾನು. ‘ಪ್ರಭುಲಿಂಗಲೀಲೆ’ಯಲ್ಲಿ ಚಾಮರಸನಿಗೆ ಒಂದು ಕತ್ತಿ ಸಾಕಾಯಿತು. ಗೋರಕ್ಷನ ಮೈಗೆ ಹೊಡೆದರೆ ಕತ್ತಿ ಸದ್ದುಮಾಡಿ ಹಿಂದಿರುಗುತ್ತದೆ. ಅಲ್ಲಮನ ಮೈಯಲ್ಲಿ ಬಯಲಲ್ಲಿ ಬೀಸಿದಂತೆ ಹಾದುಹೋಗುತ್ತದೆ. ಗಟ್ಟಿಯಾಗುವುದು ದೊಡ್ಡದೊ, ಬಯಲಾಗುವುದು ದೊಡ್ಡದೊ? ಕಥೆ ಕೇಳಿದ ಹುಡುಗನೂ ಉತ್ತರ ಹೇಳಬಲ್ಲ.

ಆದರೆ ಈ ವಿಧಾನಕ್ಕೆ ತೆರಬೇಕಾದ ಬೆಲೆಯೊಂದುಂಟು. ಮಹಾದೇವಯ್ಯನ ಪಾಠದಲ್ಲಿ ಸೊನ್ನಲಿಗೆಯ ಸಿದ್ಧರಾಮನಿಗೆ ಇಷ್ಟಲಿಂಗದೀಕ್ಷೆಯಾದ ಪ್ರಸಂಗವಿಲ್ಲ. ಇದು ಹಲಗೆಯಾರ್ಯನಿಗೆ ಸರಿಬೀಳಲಿಲ್ಲ. ತನ್ನ ಪಾಠದಲ್ಲಿ ಅವನು ದೀಕ್ಷೆಯನ್ನು ಸೇರಿಸಿದನು. ಕಲ್ಯಾಣದ ಶರಣರಿಗೂ ಮೊದಲ ಶೂನ್ಯಸಂಪಾದನೆಗೂ ನಡುವೆ ಎರಡೂವರೆ ಶತಮಾನಗಳಷ್ಟು ಅಂತರವಿದೆ. ಎರಡನೆಯದಕ್ಕೆ ಇನ್ನೂ ಹೆಚ್ಚು. ಆದರೂ ಅನುಭವಮಂಟಪದಲ್ಲಿ ಯಾರು ಏನೆಂದರೆಂಬುದಕ್ಕೆ ಈ ಗ್ರಂಥಗಳನ್ನು ಸಭೆಯ ನಡವಳಿಯ ಪುಸ್ತಕದಂತೆ ಎತ್ತಿ ತೋರಿಸುವವರನ್ನು ಇಂದಿಗೂ ಕಾಣುತ್ತೇವೆ. ಅದು ತಪ್ಪು. ಇವೆಲ್ಲ ಕಟ್ಟುಕಥೆಯೆಂದು ಕೈಬಿಡುವುದು ಇನ್ನೂ ದೊಡ್ಡ ತಪ್ಪು. ಹನ್ನೆರಡನೆಯ ಶತಮಾನದ ಮಾತುಕತೆಗೆ ಇವು ಸಾಕ್ಷಿಯಾಗಲಾರವು, ನಿಜ. ಆ ಮಾತುಗಳನ್ನು ಬದುಕಿಸಿಕೊಳ್ಳಲು ವಿಜಯನಗರದ ಕಾಲದವರೂ ಅವರ ಮುಂದಿನವರೂ ಪಟ್ಟ ಪಾಡಿಗೆ ಇವಕ್ಕಿಂತ ಒಳ್ಳೆಯ ಸಾಕ್ಷಿ ಬೇರಿಲ್ಲ. ಸಿದ್ಧರಾಮನ ದೀಕ್ಷೆಯ ವಿಷಯದಲ್ಲಿ ಭಿನ್ನಾಭಿಪ್ರಾಯ ಹುಟ್ಟಿತ್ತೆಂಬುದೇ ಚರಿತ್ರಕಾರನಿಗೆ ದೊರೆತ ಬಂಗಾರ.

ಇದು ಶರಣರೊಬ್ಬರ ಸೊತ್ತೆಂದು ತಿಳಿಯಬಾರದು. ಹಲಸೂರು ಕೆರೆಯಿಂದ ಶಿವಾಜಿನಗರಕ್ಕೆ ನಡೆದೇ ಹೋಗಬಹುದು. ಅಲ್ಲಿಯ ಓಣಿಗಳಲ್ಲಿ ಕಿವಿಗೆ ಬೀಳುವ ದಖ್ಖನಿ ಮಾತಿಗೆ ಹಳೆಯದೊಂದು ಸಾಹಿತ್ಯವಿದೆ. ಹದಿನೈದನೆಯ ಶತಮಾನದ ಕೊನೆಯ ಹೊತ್ತಿಗೆ ಬಿಜಾಪುರದಲ್ಲಿದ್ದ ಸೂಫಿ ಶಾಹ ಮೀರಾಂಜಿಯವರು ಅರಬ್ಬಿ ಪಾರಸಿಗಳನ್ನು ತಿಳಿಯದ ಜನಕ್ಕಾಗಿ ಆ ನುಡಿಯಲ್ಲಿ ಬರೆದರು. ‘ಖುಷ್ ನಾಮಾ’ದಲ್ಲಿ ಖುಷ್ ಎಂಬ ಹುಡುಗಿಯ ಕಥೆಯನ್ನು ಹೇಳಿ, ‘ಖುಷ್ ನಗ್ಜ್’ನಲ್ಲಿ ಅವಳ ಬಾಯಿಂದಲೇ ಪ್ರಶ್ನೆಗಳನ್ನು ಕೇಳಿಸಿದರು. ಮಗ ಬುರ್ಹಾನುದ್ದೀನ್ ಜಾನಮರೂ ತಮ್ಮ ದೀರ್ಘಕಾವ್ಯ ‘ಇರ್ಷಾದ್ ನಾಮಾ’ವನ್ನು ಪ್ರಶ್ನೋತ್ತರವಾಗಿಯೇ ರಚಿಸಿದರು. ಅಲ್ಲಿ ಮುಕ್ತಾಯಕ್ಕ, ಇಲ್ಲಿ ಖುಷ್. ಶಾಸ್ತ್ರವನ್ನೋದಲು ಬಿಡದ ಸಮಾಜದಲ್ಲಿ ಕೇಳುವ ಹಕ್ಕನ್ನು ಒಬ್ಬ ಹೆಣ್ಣಿನ ಕೈಗೆ ಕೊಟ್ಟುದು ಎರಡು ಕಡೆಯೂ ಆಕಸ್ಮಿಕವಾಗಿರಲಾರದು. ಗೂಢವಾದುದನ್ನು ಬೀದಿಗೆ ಚೆಲ್ಲದೆ ಮನೆಬಾಗಿಲವರೆಗೆ ತರಬೇಕಾದರೆ, ಮನೆಯವರೊಬ್ಬರೇ ಹೊಸಲಿನಲ್ಲಿ ನಿಂತು ಕೇಳಬೇಕು.

ಇಂದು ವಚನವೆಂದರೆ ನಮಗೆ ಕ್ಯಾಲೆಂಡರಿನ ಹಾಳೆಯ ಮೇಲಿನ ನಾಲ್ಕು ಸಾಲು, ಭಾಷಣದ ಕೊನೆಯ ಚಪ್ಪಾಳೆ. ಕೇಳುಗನಿಂದ ಕಿತ್ತು ತಂದ ಮಾತು ಬೇಗ ನೀತಿವಾಕ್ಯವಾಗುತ್ತದೆ. ಎಲ್ಲರಿಗೂ ಹೇಳಿದಂತಾಗಿ ಯಾರಿಗೂ ತಟ್ಟದೆ ಹೋಗುತ್ತದೆ. ಇನ್ನೊಮ್ಮೆ ಅಲ್ಲಮನ ಮಾತೊಂದು ಕಣ್ಣಿಗೆ ಬಿದ್ದಾಗ ಓದುಗರು ಅದರ ಅರ್ಥವನ್ನು ಹುಡುಕುವ ಮುನ್ನ, ಇದನ್ನು ಯಾರಿಗೆ ಹೇಳಿದನೆಂದು ಸಂಪಾದಕರು ಬರೆದಿದ್ದಾರೆ, ಆಕೆ ಅದಕ್ಕೆ ಏನೆಂದಳು ಎಂದು ಪುಟ ತಿರುವಿ ನೋಡಲಿ.