ಲೆಕ್ಕಕ್ಕೆ ಸಿಗದ ಹಸಿವು



ಬ್ರಿಟಿಷ್ ಭಾರತದ ಮರಣ ದಾಖಲೆಗಳಲ್ಲಿ ಕಾಲರಾ, ಸಿಡುಬು, ಪ್ಲೇಗುಗಳಿಗೆ ಒಂದೊಂದು ಕಲಂ ಮೀಸಲಾಗಿತ್ತು. ಉಳಿದ ಸಾವುಗಳಲ್ಲಿ ಬಹುಪಾಲು ‘ಜ್ವರ’ವೆಂಬ ಕಲಮಿಗೆ ಹೋಗಿ ಸೇರುತ್ತಿದ್ದವು. ಹಸಿವಿಗೆ ಅಲ್ಲಿ ಕಲಂ ಇರಲಿಲ್ಲ. ಪದಗಳ ಅರ್ಥವನ್ನು ಅರಸುವುದರಲ್ಲಿಯೇ ಆಯುಷ್ಯವನ್ನು ಕಳೆದ ನನಗೆ, ಜ್ವರವೆಂಬ ಈ ಒಂದು ಪದ ಎಷ್ಟನ್ನು ಮುಚ್ಚಿಟ್ಟಿದೆಯೆಂಬ ಯೋಚನೆ ಆಗಾಗ ಕಾಡುವುದುಂಟು.

1918ರ ಜೂನ್ ತಿಂಗಳಿನಲ್ಲಿ ಇನ್‌ಫ್ಲುಯೆಂಜಾ ಮುಂಬಯಿಯಲ್ಲಿ ಕಾಣಿಸಿಕೊಂಡಿತು. ಮೊದಲ ಅಲೆ ಅಷ್ಟೇನೂ ಉಗ್ರವಾಗಿರಲಿಲ್ಲ. ಆದರೆ ಆ ವರ್ಷ ಮುಂಗಾರು ಕೈಕೊಟ್ಟಿತು. ಧಾನ್ಯದ ಬೆಲೆ ಬಡವರ ಕೈಗೆಟುಕದಂತಾಯಿತು. ಸೆಪ್ಟೆಂಬರಿನಲ್ಲಿ ಎರಡನೆಯ ಅಲೆ ಬಂದೆರಗಿದಾಗ ಅದಕ್ಕೆ ಸಿಕ್ಕಿದ್ದು ಈಗಾಗಲೇ ಸೊರಗಿದ್ದ ದೇಹಗಳು. ಭಾರತದಲ್ಲಿ ಸತ್ತವರು 1 ಕೋಟಿ 20 ಲಕ್ಷ ಅಥವಾ ಅದಕ್ಕೂ ಹೆಚ್ಚು ಎಂದು ಅಂದಾಜು. ಮುಂಬಯಿ ನಗರವೊಂದರಲ್ಲಿಯೇ ಯುರೋಪಿಯನ್ನರು ಸಾವಿರಕ್ಕೆ ಸುಮಾರು 8 ಮಂದಿ ಸತ್ತರೆ, ದಾಖಲೆಗಳು ಕೆಳಜಾತಿಯವರೆಂದು ಕರೆದ ಹಿಂದೂಗಳಲ್ಲಿ ಸತ್ತವರು ಸಾವಿರಕ್ಕೆ ಸುಮಾರು 61 ಮಂದಿ. ರೋಗ ಒಂದೇ, ಇರುವ ಮನೆ, ಉಣ್ಣುವ ಅನ್ನ, ದೊರೆಯುವ ಆರೈಕೆ ಬೇರೆ.

ಈಗ ಕಾಲ ಬದಲಾಗಿದೆ, ರಕ್ತಪರೀಕ್ಷೆ ಎಲ್ಲವನ್ನೂ ಹೇಳುತ್ತದೆಯೆಂದು ನಾವು ನಂಬಿದ್ದೇವೆ. ಕೋವಿಡ್ ಬಂದ 2020ರಲ್ಲಿ, ನ್ಯೂಯಾರ್ಕಿನ ಆಸ್ಪತ್ರೆಗಳಿಗೆ ಸೇರಿದ್ದ 5,449 ರೋಗಿಗಳನ್ನು ಪರಿಶೀಲಿಸಿದಾಗ ಅವರಲ್ಲಿ ಶೇಕಡ 36.6ರಷ್ಟು ಮಂದಿಯ ಮೂತ್ರಪಿಂಡಗಳಿಗೆ ಪೆಟ್ಟು ಬಿದ್ದಿತ್ತು. ಉರಿಜ್ವರ, ನೀರಿನ ಕೊರತೆ, ಕುಸಿದ ರಕ್ತದೊತ್ತಡ ಇವೆಲ್ಲ ಆ ಪುಟ್ಟ ಅಂಗಗಳನ್ನು ಬಾಧಿಸುತ್ತವೆ. ಪೆಟ್ಟನ್ನು ಗುರುತಿಸಲು ವೈದ್ಯರು ಮುಖ್ಯವಾಗಿ ನೋಡುವುದು ರಕ್ತದಲ್ಲಿನ ಕ್ರಿಯಾಟಿನಿನ್ ಅಂಶವನ್ನು. ಅದನ್ನು ಅಳೆಯಲು ನೆರವಾದ ರಾಸಾಯನಿಕ ಕ್ರಿಯೆಯನ್ನು ಮ್ಯಾಕ್ಸ್ ಯಾಫೆ 1886ರಲ್ಲಿಯೇ ವರ್ಣಿಸಿದ್ದರು.

ಆದರೆ ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಲ್ಲಿ. ಉಪವಾಸದಿಂದಲೋ ದೀರ್ಘ ರೋಗದಿಂದಲೋ ಸ್ನಾಯು ಕರಗಿದವನಲ್ಲಿ ಅದು ಹುಟ್ಟುವುದೇ ಕಡಿಮೆ. ಮೂತ್ರಪಿಂಡ ಸೋಲುತ್ತಿದ್ದರೂ ಅಂಕಿ ಸಹಜವೆಂಬಂತೆ ತೋರಬಹುದು. ಉಂಡವನ ಕಾಯಿಲೆ ಕಾಗದದ ಮೇಲೆ ಬೇಗ ಕಾಣುತ್ತದೆ. ಹಸಿದವನ ಕಾಯಿಲೆಯನ್ನು ಅವನ ಹಸಿವೇ ಮರೆಮಾಡುತ್ತದೆ. ಅಂದಿನ ‘ಜ್ವರ’ದ ಕಲಮೂ ಇಂದಿನ ಸಹಜ ಅಂಕಿಯೂ ಈ ಒಂದು ವಿಷಯದಲ್ಲಿ ದಾಯಾದಿಗಳೆಂದು ನನಗೆ ತೋರುತ್ತದೆ.

ತಜ್ಞರು ಇದನ್ನು ಅರಿಯದವರಲ್ಲ. ರೋಗಿಯ ತೂಕ, ಆಹಾರ, ಮೂತ್ರದ ಪ್ರಮಾಣಗಳನ್ನೂ ಅವರು ಗಮನಿಸುತ್ತಾರೆ. ಆದರೆ ನೂಕುನುಗ್ಗಲಿನ ವಾರ್ಡಿನಲ್ಲಿ ಅದನ್ನೆಲ್ಲ ಕೇಳುವಷ್ಟು ವ್ಯವಧಾನ ಯಾವಾಗಲೂ ಇರಲಾರದು. ಆದ್ದರಿಂದ ರೋಗಿಯ ಬಳಿ ನಿಂತ ಬಂಧುಗಳಲ್ಲಿ ನನ್ನದೊಂದು ವಿನಂತಿ. ಜ್ವರ ಎಷ್ಟು ದಿನದಿಂದ ಎಂದು ಹೇಳುವಾಗ, ಊಟ ಬಿಟ್ಟು ಎಷ್ಟು ದಿನವಾಯಿತು, ಮೈ ಎಷ್ಟು ಇಳಿಯಿತು, ಮೂತ್ರ ಕಡಿಮೆಯಾಗಿದೆಯೆ ಎಂಬುದನ್ನೂ ವೈದ್ಯರಿಗೆ ತಪ್ಪದೆ ತಿಳಿಸಿ. 1918ರಲ್ಲಿ ಯಾರೂ ಬರೆದುಕೊಳ್ಳದೆ ಹೋದ ಆ ಮಾತನ್ನು ಇಂದಾದರೂ ಯಾರಾದರೂ ಬರೆದುಕೊಳ್ಳಲಿ.